ನಾಲ್ಕು ಡಿಗ್ರಿಯಲ್ಲಿ ನಿಂತ ಪೆಟ್ಟಿಗೆ

ಮೇಚೇರಿಯಿಂದ ಆಚೆಗಿರುವ ಒಂದು ಹಾಲಿನ ಕೇಂದ್ರದಲ್ಲಿ ಟ್ಯಾಂಕಿನ ಹಾಲೆಲ್ಲ ಎರಡನೇ ಸಲ ಒಡೆದು ಹೋದಾಗ, ನಮ್ಮ ಮ್ಯಾನೇಜರು ನನ್ನ ಮೇಜಿನ ಹತ್ತಿರ ಬಂದು, "ನಮ್ಮ ಪೆಟ್ಟಿಗೆಯಲ್ಲಿ ದೋಷ ಇಲ್ಲ ಅಂತ ಒಂದು ಸಲ ನೋಡಿ ಹೇಳಿಬಿಡಮ್ಮ" ಎಂದರು. ದೋಷ ಇದೆಯಾ ನೋಡು ಎನ್ನಲಿಲ್ಲ. ಇಲ್ಲ ಎನ್ನುವುದನ್ನು ನೋಡಿ ಹೇಳಬೇಕಿತ್ತು. ನನಗೆ ಆಗಲೇ ಮೈ ಉರಿಯಿತು, ಆದರೆ ಸುಮ್ಮನೆ ತಲೆಯಾಡಿಸಿದೆ.

ತಮಿಳು ಸೀಮೆಯಲ್ಲಿ, ಓಮಲೂರು ರಸ್ತೆಯ ಪಕ್ಕದ ಒಂದು ಶೆಡ್ಡಿನಲ್ಲಿ ನಮ್ಮ ಕಂಪನಿ. ಹಾಲನ್ನು ತಂಪು ಮಾಡುವ ದೊಡ್ಡ ಟ್ಯಾಂಕುಗಳಿಗೆ ನಾವು ನಿಯಂತ್ರಣ ಪೆಟ್ಟಿಗೆ ಮಾಡುತ್ತೇವೆ. ಗೋಡೆಗೆ ನೇತುಹಾಕುವ ಪೆಟ್ಟಿಗೆ, ಮುಂದೆ ಒಂದು ಪುಟ್ಟ ಪರದೆ. ಟ್ಯಾಂಕಿನ ಹಾಲು ಎಷ್ಟು ಡಿಗ್ರಿ ಇದೆ ಎಂದು ಅದು ತೋರಿಸುತ್ತದೆ, ಬಿಸಿಯಾದರೆ ಕಂಪ್ರೆಸರನ್ನು ಓಡಿಸುತ್ತದೆ, ನಾಲ್ಕು ಡಿಗ್ರಿಗೆ ಬಂದರೆ ನಿಲ್ಲಿಸುತ್ತದೆ, ನೆಟ್‌ವರ್ಕ್ ಕೇಬಲ್ಲಿನ ಮೂಲಕ ಧರ್ಮಪುರಿಯಲ್ಲಿರುವ ಹಾಲು ಕಂಪನಿಯ ಆಫೀಸಿಗೆ ವರದಿ ಕಳಿಸುತ್ತದೆ. ಪೆಟ್ಟಿಗೆಯೊಳಗೆ ಓಡುವ ಆಪರೇಟಿಂಗ್ ಸಿಸ್ಟಮ್ಮಿನ ತಳಭಾಗದ ಕೆಲಸ ನನ್ನದು. ಚಿಪ್ ಮಾರಿದವರು ಕೊಟ್ಟ ಡ್ರೈವರುಗಳನ್ನು, ಅಂದರೆ ಚಿಪ್ಪನ್ನು ನಡೆಸುವ ಪ್ರೋಗ್ರಾಮುಗಳನ್ನು, ಹೊಂದಿಸುವುದು, ಕೆಟ್ಟರೆ ಸರಿಮಾಡುವುದು, ಸರಿಯಾದ ಮೇಲೆ ಯಾರೂ ಕೇಳದಿರುವುದು.

ಎರಡು ಸಲವೂ ಹಾಲು ಒಡೆದಾಗ ಪರದೆ ನಾಲ್ಕು ಡಿಗ್ರಿ ತೋರಿಸುತ್ತಿತ್ತಂತೆ. ಒಳಗಿನ ಹಾಲು ಬಿಸಿಯಾಗಿತ್ತು. ಹಾಲು ಕಂಪನಿಯವರ ಲೆಕ್ಕ ನೇರವಾಗಿತ್ತು: ಪೆಟ್ಟಿಗೆ ಸರಿಯಿದೆ ಎಂದಾದರೆ ಕೇಂದ್ರ ನೋಡಿಕೊಳ್ಳುವ ಹೆಂಗಸು ಏನೋ ಮಾಡಿದ್ದಾಳೆ, ಆಕೆಯನ್ನು ತೆಗೆಯುತ್ತೇವೆ. ಪೆಟ್ಟಿಗೆ ಕೆಟ್ಟಿದೆ ಎಂದಾದರೆ ನಮ್ಮ ಪೆಟ್ಟಿಗೆಗಳನ್ನೆಲ್ಲ ವಾಪಸು ಕಳಿಸುತ್ತೇವೆ. ನಮ್ಮ ಮ್ಯಾನೇಜರಿಗೆ ಇದರಲ್ಲಿ ಯಾವುದು ಇಷ್ಟ ಎಂದು ಬೇರೆ ಹೇಳಬೇಕಾಗಿಲ್ಲ.

ಒಂದು ವಿಷಯ ಎಲ್ಲರಿಗೂ ಗೊತ್ತಿತ್ತು. ಎರಡು ಸಲವೂ ಗುಡುಗು ಮಳೆಯ ದಿನ. ಬೇಸಿಗೆಯ ಕೊನೆಯಲ್ಲಿ ನಮ್ಮ ಕಡೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದು, ನಾಲ್ಕು ಹನಿ ಬಿದ್ದು, ಕರೆಂಟು ಹೋಗುತ್ತದೆ. "ವೋಲ್ಟೇಜು" ಎಂದು ಹಾರ್ಡ್‌ವೇರ್ ನೋಡುವವರು ತೀರ್ಪು ಕೊಟ್ಟರು. ಪವರ್ ಸಪ್ಲೈ ಬದಲಾಯಿಸಿದರು, ಬ್ಯಾಟರಿ ಬದಲಾಯಿಸಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ವೋಲ್ಟೇಜಿನಿಂದ ಪೆಟ್ಟಿಗೆ ಸತ್ತರೆ ಪರದೆಯೂ ಸಾಯಬೇಕು. ಇಲ್ಲಿ ಪರದೆ ಚೆನ್ನಾಗಿ ಬೆಳಗುತ್ತಿತ್ತು, ಅಂಕಿ ಮಾತ್ರ ಕದಲುತ್ತಿರಲಿಲ್ಲ. ಅಂದರೆ ಒಳಗೆ ಯಾರೋ ಯಾರಿಗೋ ಕಾಯುತ್ತಾ ನಿಂತಿದ್ದರು. ನನ್ನ ಕಸುಬಿನಲ್ಲಿ ಇದಕ್ಕೆ ಲಾಕ್ ತೊಂದರೆ ಎನ್ನುತ್ತಾರೆ.

ಲಾಕ್ ಎಂದರೆ ಒಂದು ವಸ್ತುವನ್ನು ಒಂದು ಹೊತ್ತಿಗೆ ಒಬ್ಬರೇ ಮುಟ್ಟಲಿ ಎಂದು ಪ್ರೋಗ್ರಾಮು ಹಾಕಿಕೊಳ್ಳುವ ಕಟ್ಟು. ಹಿಡಿದವನು ಬಿಡುವ ತನಕ ಉಳಿದವರು ಕಾಯಬೇಕು. ಹಿಡಿದವನು ಬಿಡದೇ ಹೋದರೆ ಕಾಯುವವರು ಕಾಯುತ್ತಲೇ ಇರುತ್ತಾರೆ. ಹಾಲು ಕಂಪನಿಯ ಆಫೀಸಿನಿಂದ ತರಿಸಿದ ಲಾಗ್, ಅಂದರೆ ಸಂದೇಶಗಳ ದಾಖಲೆ, ನೋಡಿದೆ. ಕರೆಂಟು ಹೋದ ಕೂಡಲೇ ನಮ್ಮ ಪೆಟ್ಟಿಗೆ ಬ್ಯಾಟರಿಯ ಮೇಲೆ ಓಡುತ್ತಾ ಎಚ್ಚರಿಕೆಯ ಸಂದೇಶಗಳನ್ನು ಒಂದರ ಹಿಂದೆ ಒಂದು ಕಳಿಸುತ್ತದೆ. ಎರಡು ಸಲವೂ ಆ ಸಂದೇಶಗಳು ಅರ್ಧಕ್ಕೇ ನಿಂತಿದ್ದವು. ನೆಟ್‌ವರ್ಕ್ ಡ್ರೈವರಿನಲ್ಲೇ ಎಲ್ಲೋ ಸಿಕ್ಕಿಕೊಂಡಿದೆ ಎಂದು ಖಾತ್ರಿಯಾಯಿತು.

ಡ್ರೈವರನ್ನು ಸಾಲು ಸಾಲಾಗಿ ಓದಿದೆ. ಚಿಪ್ ಮಾರಿದವರು ಅದನ್ನು ಯಾವ ಕಾಲದಲ್ಲಿ ಬರೆದರೋ, ಒಬ್ಬರ ಮೇಲೊಬ್ಬರು ತೇಪೆ ಹಾಕುತ್ತಾ ಬಂದಿದ್ದರು. ಇಂಟರಪ್ಟ್, ಅಂದರೆ ಕೈಕೆಲಸ ಬಿಟ್ಟು ಬಾ ಎನ್ನುವ ಚಿಪ್ಪಿನ ತುರ್ತು ಕರೆ, ಬಂದಾಗ ಓಡುವ ಭಾಗವೂ ಮಾಮೂಲಿ ಭಾಗವೂ ಒಂದೇ ಲಾಕ್ ಹಿಡಿಯುವ ಜಾಗವೊಂದು ಸಿಕ್ಕಿತು. ಹಿಡಿದುಕೊಂಡಿರುವಾಗ ಇಂಟರಪ್ಟನ್ನು ತಡೆದಿರಲಿಲ್ಲ. ಖಂಡಿತ ತಪ್ಪು. ಸಿಕ್ಕೇಬಿಟ್ಟಿತು ಎಂದು ಕುಣಿದಾಡಿ ಸರಿಮಾಡಿದೆ, ಹೊಸ ಸಾಫ್ಟ್‌ವೇರನ್ನು ಕೇಂದ್ರಕ್ಕೆ ಕಳಿಸಿದೆವು. ಮುಂದಿನ ಗುಡುಗಿಗೆ ಮೂರನೇ ಸಲ ಹಾಲು ಒಡೆಯಿತು.

ಮ್ಯಾನೇಜರು ಈಗ ನನ್ನನ್ನೇ ಗುರಾಯಿಸಲು ಶುರುಮಾಡಿದರು. ನಾನು ಮೇಜಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು, ಲಾಕ್‌ಗಳ ಮೇಲೆ ಕಣ್ಣಿಡುವ ಪರೀಕ್ಷಕ ಪ್ರೋಗ್ರಾಮೊಂದನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಸೇರಿಸಿ ಓಡಿಸಿದೆ. ಯಾವ ಲಾಕ್ ಹಿಡಿದ ಮೇಲೆ ಯಾವ ಲಾಕ್ ಹಿಡಿದರು ಎಂದು ಅದು ನೆನಪಿಟ್ಟುಕೊಳ್ಳುತ್ತದೆ, ಕ್ರಮ ತಪ್ಪಿದರೆ ಕೂಗುತ್ತದೆ. ಪವರ್ ತೆಗೆದೆ, ಹಾಕಿದೆ. ಸಂದೇಶಗಳ ಮಳೆ ಸುರಿಸಿದೆ. ವಾರವಿಡೀ ಅದು ಬಾಯಿ ಬಿಡಲಿಲ್ಲ. ನಡುವೆ ಡ್ರೈವರಿನೊಳಗೆ ಅಲ್ಲಲ್ಲಿ, ಎಲ್ಲಿಗೆ ಬಂತೆಂದು ಬರೆದು ತೋರಿಸುವ ಪ್ರಿಂಟ್ ಸಾಲು ಹಾಕಿ ನೋಡಿದೆ, ಅದರಿಂದಲೂ ಏನೂ ದಕ್ಕಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಗೆ ಬರುವಷ್ಟು ಬೇಸರವಾಗಿತ್ತು. ಕೊನೆಗೆ, ಆ ಕೇಂದ್ರಕ್ಕೆ ಹೋಗಿ ಕಣ್ಣಾರೆ ನೋಡುತ್ತೇನೆ ಎಂದೆ. "ಅಲ್ಲಿ ನೋಡೋದಕ್ಕೆ ಏನಿದೆ, ಹಾಲು ಬಿಟ್ಟರೆ?" ಎಂದರು ಮ್ಯಾನೇಜರು. ಆದರೂ ಬಿಟ್ಟರು.

ಓಮಲೂರಿನಿಂದ ಬಸ್ಸು ಹಿಡಿದು ಮೇಚೇರಿಗೆ ಹೋದೆ. ಅವತ್ತು ಸಂತೆ, ಬಸ್ಸಿನ ಹಿಂದಿನ ಸೀಟುಗಳ ಕೆಳಗೆಲ್ಲ ಕುರಿಮರಿ. ಅಲ್ಲಿಂದ ಶೇರ್ ಆಟೋದಲ್ಲಿ ಕೇಂದ್ರ. ಸಿಮೆಂಟ್ ಶೀಟಿನ ಒಂದು ಕೋಣೆ, ಒಳಗೆ ಸ್ಟೀಲ್ ಟ್ಯಾಂಕು. ಟ್ಯಾಂಕಿನ ಪಕ್ಕದಲ್ಲಿ ಹಳೆಯ ಮುಳ್ಳಿನ ಥರ್ಮಾಮೀಟರ್ ಇದ್ದ ತೂತಿಗೆ ಮುಚ್ಚಳ ಹಾಕಿದ್ದರು. ಪೆಟ್ಟಿಗೆ ಬಂದ ಮೇಲೆ ಮುಳ್ಳು ಯಾಕೆ ಎಂದು ಕಿತ್ತರಂತೆ.

"ವಾಂಗ ಮೇಡಮ್, ಉಕ್ಕಾರುಂಗ" ಎಂದು ಕೇಂದ್ರದ ಹೆಂಗಸು ಸ್ಟೂಲು ಒರೆಸಿ ಕೊಟ್ಟಳು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು. ಮೂರು ಸಲ ವಿಚಾರಣೆಗೆ ಸಿಕ್ಕಿದವಳ ಗಟ್ಟಿ ಮುಖ. ನಾನು ತಮಿಳಿನಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಒಂದೊಂದು ಮಾತಿನ ಉತ್ತರ. ಅಷ್ಟರಲ್ಲಿ ಬಾಗಿಲ ಬಳಿ ಒಂದು ಆಡು ಇಣುಕಿತು. "ಥೂ, ಓಗತ್ಲಾಗೆ, ನಿನ್ ಬಾಯಿಗೆ ಮಣ್ಣಾಕ" ಎಂದು ಕೂಗಿ ಎದ್ದಳು.

"ಅಕ್ಕಾ, ನೀವು ಕನ್ನಡದೋರಾ?" ಎಂದೆ.

ಆಕೆ ತಿರುಗಿ ನೋಡಿದಳು. "ನೀನು?"

"ನಾನೂ ಅಷ್ಟೇ. ಮೇಟೂರು ರೋಡಲ್ಲಿ ನಮ್ಮೂರು."

"ಅಯ್ಯೋ ಇವಳ! ಆಗ್ಲಿಂದ ಮೇಡಮ್ ಮೇಡಮ್ ಅಂತ ನನ್ ಕೈಲಿ ಅನ್ನಿಸ್ಕೊಂಡು ಕೂತವ್ಳೆ!" ಆಕೆಯ ಮುಖದ ಗಟ್ಟಿ ಒಡೆದು ನಗು ಬಂತು. ಟೀ ತರಿಸಿದಳು. ನಮ್ಮ ಮನೆಯಲ್ಲಿ ಯಾರು ಯಾರು, ಕುರಿ ಎಷ್ಟು, ನನಗೆ ಮದುವೆ ಯಾಕೆ ಆಗಿಲ್ಲ, ಎಲ್ಲವನ್ನೂ ಕೇಳಿ ಮುಗಿಸಿದ ಮೇಲೆ ತಾನಾಗಿಯೇ ವಿಷಯಕ್ಕೆ ಬಂದಳು.

"ನಾಲ್ಕೇ ಐತೆ ಅಂತ ನಾನೇ ಆಫೀಸ್ಗೆ ಪೋನ್ ಮಾಡಿದ್ದೆ ಕಣಮ್ಮ. ಸಾಯಂಕಾಲದ್ ಆಲು ಉಯ್ದ್ರೆ ಒಂದ್ ಡಿಗ್ರಿ ಆದ್ರೂ ಏರ್ಬೇಕು ತಾನೆ. ಏರ್ನಿಲ್ಲ. ಮೋಟ್ರು ಸದ್ದೂ ಇಲ್ಲ ಸಾರ್ ಅಂದೆ. ನಾಲ್ಕಿದ್ರೆ ಒಳ್ಳೇದು ತಾನೆ, ಮೋಟ್ರು ಯಾಕ್ ಓಡ್ಬೇಕು ಅಂದ್ರು. ನಾನು ಇನ್ನೇನ್ ಮಾಡ್ಲಿ, ಬಾಗ್ಲಾಕ್ಕೊಂಡ್ ಮನೇಗ್ ಓದೆ."

ನಾನು ಕೇಳಿದೆ. "ಅಕ್ಕಾ, ಗುಡುಗು ಬಂದಾಗ ಏನೇನು ಮಾಡ್ತೀರಿ? ಒಂದೊಂದಾಗಿ ಹೇಳಿ."

ಆಕೆ ಗೋಡೆಯ ಪೆಟ್ಟಿಗೆಯ ಕಡೆ ಗಲ್ಲದಿಂದ ಸನ್ನೆ ಮಾಡಿದಳು. "ವೈರ್ ಕಿತ್ತಾಕ್ತೀನಿ."

"ಕರೆಂಟ್ ವೈರಾ?"

"ಇಲ್ಲಾ, ಆ ನೀಲಿ ವೈರು, ನೆಟ್ದು. ಇದುಕ್ಕೆ ಮುಂಚೆ ಇದ್ದ ಪೆಟ್ಟಿಗೆ ಸಿಡ್ಲಿಗೆ ಸುಟ್ಟೋಯ್ತು. ಆ ವೈರ್ನಾಗೇ ಬಂತು ಸಿಡ್ಲು, ತೂತೆಲ್ಲಾ ಕರ್ರಗಾಗಿತ್ತು. ನೋಡ್ಕೊಳಕ್ಕಾಗಲ್ವಾ ಅಂತ ಅಂಗ್ ಬೈದ್ರು. ನಮ್ಮೂರ್ನಾಗೆ ಗುಡ್ಗಿದ್ರೆ ಟೀವಿ ವೈರ್ ಕೀಳಲ್ವಾ, ಅಂಗೆ ಇದ್ನೂ ಕೀಳ್ತೀನಿ. ಕರೆಂಟ್ ಓದೇಟ್ಗೆ ಓಡ್ಬಂದು ಕಿತ್ತು, ನಿಂತ್ಮೇಲೆ ಮತ್ತೆ ಚುಚ್ತೀನಿ."

"ಆಫೀಸಿನವರಿಗೆ ಇದನ್ನ ಹೇಳಿದ್ರಾ?"

"ಪೆಟ್ಟಿಗೆ ಮುಟ್ಟಿದ್ಯಾ ಅಂತ ಆ ಸಾರು ಕಣ್ ಕೆಂಪ್ಗ್ ಮಾಡ್ಕೊಂಡ್ ಕೇಳಿದ್ರು. ಇಲ್ಲ ಅಂದೆ. ಇನ್ನೇನ್ ಅನ್ಲಿ? ನೀನು ನಮ್ಮೋಳು ಅಂತ ಹೇಳ್ತಿವ್ನಿ. ಯಾರ್ ತಾವೂ ಅನ್ಬ್ಯಾಡ." ಟೀ ಲೋಟ ಕೆಳಗಿಟ್ಟು ಕೇಳಿದಳು. "ಅದ್ರಿಂದಲೇನಾ ಆಲು ಒಡ್ದಿದ್ದು?"

"ವೈರ್ ಕಿತ್ತರೆ ಹಾಲು ಒಡೆಯಬಾರದು ಅಕ್ಕ. ಒಡೆದರೆ ತಪ್ಪು ನಮ್ಮದು, ನಿಮ್ಮದಲ್ಲ. ಅದನ್ನೇ ತೋರಿಸ್ತೀನಿ" ಎಂದೆ. ಆ ಮಾತನ್ನು ಪೂರ್ತಿ ನಂಬಿಕೊಂಡೇ ಹೇಳಿದ್ದೆ.

ವಾಪಸು ಬಂದು ನನ್ನ ಮೇಜನ್ನು ನೋಡಿದರೆ ಅಳುವುದೋ ನಗುವುದೋ ತಿಳಿಯಲಿಲ್ಲ. ಯಾರ ಕಾಲಿಗೂ ಸಿಕ್ಕಿ ಕಳಚದಿರಲಿ ಎಂದು ನಮ್ಮ ಆಫೀಸಿನಲ್ಲಿ ನೆಟ್‌ವರ್ಕ್ ಕೇಬಲ್ಲುಗಳನ್ನೆಲ್ಲ ಮೇಜಿಗೂ ನೆಲಕ್ಕೂ ಟೇಪು ಹಾಕಿ ಅಂಟಿಸಿರುತ್ತೇವೆ. ಅದನ್ನು ಶಿಸ್ತು ಎಂದು ಹೊಸಬರಿಗೆ ಹೇಳಿಯೂ ಕೊಡುತ್ತೇವೆ. ಈ ಪೆಟ್ಟಿಗೆ ಹುಟ್ಟಿದಂದಿನಿಂದ ಪರೀಕ್ಷೆಯ ನಡುವೆ ಒಬ್ಬರೂ ಅದರ ಕೇಬಲ್ಲು ಕಿತ್ತಿರಲಿಲ್ಲ. ಲಾಕ್ ಪರೀಕ್ಷಕ ತಾನು ಕಂಡ ದಾರಿಯ ಬಗ್ಗೆ ಮಾತ್ರ ಹೇಳಬಲ್ಲದು. ನಾವು ಆ ದಾರಿಯನ್ನು ಅದಕ್ಕೆ ತೋರಿಸಿಯೇ ಇರಲಿಲ್ಲ.

ಟೇಪು ಕಿತ್ತೆ. ಪರೀಕ್ಷಕವನ್ನು ಹಾಕಿ, ಸಂದೇಶ ಸುರಿಸುತ್ತಾ, ಕೇಬಲ್ಲು ಎಳೆದೆ. ಒಂದೇ ಸಲಕ್ಕೆ ನನ್ನ ಕಂಪ್ಯೂಟರಿನ ಪರದೆ ತುಂಬ ಅದರ ಬೈಗುಳ ಸುರಿಯಿತು. ಸಂದೇಶ ಕಳಿಸುವ ಭಾಗ ಮೊದಲು ಕಳಿಸುವ ಸಾಲಿನ ಲಾಕ್ ಹಿಡಿದು, ಆಮೇಲೆ ಕೇಬಲ್ಲು ಇದೆಯಾ ಎಂದು ನೋಡಲು ಸಂಪರ್ಕದ ಲಾಕ್ ಕೇಳುತ್ತದೆ. ಕೇಬಲ್ಲು ಕಳಚಿದ್ದನ್ನು ಗಮನಿಸುವ ಭಾಗ ಮೊದಲು ಸಂಪರ್ಕದ ಲಾಕ್ ಹಿಡಿದು, ಆಮೇಲೆ ಉಳಿದ ಸಂದೇಶಗಳನ್ನು ತೆಗೆದುಹಾಕಲು ಸಾಲಿನ ಲಾಕ್ ಕೇಳುತ್ತದೆ. ಬಾವಿಯ ಹತ್ತಿರ ಒಬ್ಬಳು ಹಗ್ಗ ಹಿಡಿದು ಕೊಡ ಕೊಟ್ಟರೆ ಹಗ್ಗ ಕೊಡುತ್ತೇನೆ ಎಂದು, ಇನ್ನೊಬ್ಬಳು ಕೊಡ ಹಿಡಿದು ಹಗ್ಗ ಕೊಟ್ಟರೆ ಕೊಡ ಕೊಡುತ್ತೇನೆ ಎಂದು ನಿಂತ ಹಾಗೆ. ಪ್ರೊಸೆಸರಿನಲ್ಲಿ ಕೆಲಸ ಮಾಡುವ ಕೋರು ಇರುವುದೇ ಎರಡು. ಎರಡೂ ಹೀಗೆ ನಿಂತ ಮೇಲೆ, ಕರೆಂಟು ಬಂದರೂ ಕಂಪ್ರೆಸರಿಗೆ ಓಡು ಎಂದು ಹೇಳುವವರು ಯಾರೂ ಇಲ್ಲ, ಪರದೆಯ ಅಂಕಿ ಬದಲಿಸುವವರೂ ಇಲ್ಲ. ಕರೆಂಟು ಹೋದಾಗ ಸಂದೇಶಗಳ ಮಳೆ, ಅದೇ ಗಳಿಗೆಯಲ್ಲಿ ಅಕ್ಕ ಓಡಿ ಬಂದು ವೈರು ಕೀಳುವುದು. ಎರಡೂ ಒಂದರ ಮೇಲೊಂದು ಬೀಳುತ್ತಿದ್ದವು.

ಪರೀಕ್ಷಕ ತೆಗೆದು ಮಾಮೂಲಿ ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ಕೇಬಲ್ಲು ಎಳೆದೆ. ಊಟದ ಹೊತ್ತಿಗೆ ಪೆಟ್ಟಿಗೆ ನಿಂತಿತು. ಪರದೆಯಲ್ಲಿ ನಾಲ್ಕು. ಸೆನ್ಸರನ್ನು ಬಿಸಿ ಟೀಯಲ್ಲಿ ಅದ್ದಿದೆ. ಆಗಲೂ ನಾಲ್ಕು. ನನಗೆ ಆದ ಸಂತೋಷ ಹೇಳತೀರದು. ಪಕ್ಕದ ಮೇಜಿನವರನ್ನೆಲ್ಲ ಕರೆದು ತೋರಿಸಿದೆ.

ಸರಿಮಾಡುವುದು ಕಷ್ಟವಾಗಲಿಲ್ಲ. ಕೇಬಲ್ಲು ಕಳಚಿದಾಗ ಮಾಡಬೇಕಾದ ಕೆಲಸವನ್ನು ಪಕ್ಕಕ್ಕೆ ಬರೆದಿಟ್ಟು, ಸಂಪರ್ಕದ ಲಾಕ್ ಬಿಟ್ಟ ಮೇಲೆ ಬೇರೆಯಾಗಿ ಮಾಡುವಂತೆ ಬದಲಿಸಿದೆ. ಎಲ್ಲರೂ ಲಾಕ್‌ಗಳನ್ನು ಒಂದೇ ಕ್ರಮದಲ್ಲಿ ಹಿಡಿಯುವಂತಾಯಿತು. ಚಿಪ್ ಮಾರಿದವರಿಗೆ ಬರೆದೆ. ಸಂದೇಶಗಳ ದಟ್ಟಣೆಯ ನಡುವೆ ಕೇಬಲ್ಲು ತೆಗೆಯುವುದು ಮಾಮೂಲಿ ಬಳಕೆಯಲ್ಲ, ಆದ್ದರಿಂದ ಪರೀಕ್ಷಿಸಿಲ್ಲ ಎಂದು ಉತ್ತರ ಬಂತು. ಇನ್ನೊಂದು ಸಂಗತಿಯೂ ಹೊರಬಿತ್ತು. ಪೆಟ್ಟಿಗೆ ಹೆಪ್ಪುಗಟ್ಟಿದರೆ ತಾನಾಗಿ ಮರುಶುರು ಮಾಡುವ ಸರ್ಕೀಟು ನಮ್ಮ ಬೋರ್ಡಿನಲ್ಲೇ ಇದೆ. ಯಾವುದೋ ಗಿರಾಕಿಗೆ ತೋರಿಸುವಾಗ ಅದು ನಡುವೆ ಮರುಶುರು ಮಾಡಿ ಮರ್ಯಾದೆ ಹೋಯಿತೆಂದು ನಮ್ಮವರೇ ಅದನ್ನು ಆಫ್ ಮಾಡಿಟ್ಟಿದ್ದರು.

"ಸರಿ, ಎಲ್ಲಾ ಪೆಟ್ಟಿಗೆಗೂ ಸದ್ದಿಲ್ಲದೆ ಹಾಕಿಬಿಡೋಣ. ಇನ್ನು ಮೇಲೆ ಆಗಲ್ಲವಲ್ಲ" ಎಂದರು ಮ್ಯಾನೇಜರು.

"ಆ ಹೆಂಗಸಿನ ಗತಿ?" ಎಂದೆ.

"ಅದು ಅವರ ಕಂಪನಿಯ ವಿಷಯ."

ನಾನು ಒಪ್ಪಲಿಲ್ಲ. ಸದ್ದಿಲ್ಲದೆ ಹಾಕಿದರೆ ಮೂರು ಸಲದ ಹಾಲು ಆಕೆಯ ತಲೆಯ ಮೇಲೇ ಉಳಿಯುತ್ತದೆ. ಹಾಲು ಕಂಪನಿಯವರ ಎದುರಿಗೇ ಮಾಡಿ ತೋರಿಸುತ್ತೇನೆ, ಇಲ್ಲದಿದ್ದರೆ ಈ ಸಾಫ್ಟ್‌ವೇರನ್ನು ನಾನು ಬಿಡುಗಡೆ ಮಾಡುವುದಿಲ್ಲ ಎಂದು ಕೂತುಬಿಟ್ಟೆ. ಆ ಡ್ರೈವರನ್ನು ಮುಟ್ಟಬಲ್ಲವರು ಕಂಪನಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮ್ಯಾನೇಜರು ಒಂದು ದಿನ ಮಾತು ಬಿಟ್ಟರು, ಮರುದಿನ ನಗುನಗುತ್ತಾ ಬಂದು ಆಗಲಿ ಎಂದರು. ಆ ನಗುವಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಧರ್ಮಪುರಿಯ ಆಫೀಸಿನಲ್ಲಿ ಉದ್ದನೆಯ ಮೇಜು. ಆ ಕಡೆ ಹಾಲು ಕಂಪನಿಯ ಅಧಿಕಾರಿ ಮತ್ತು ಅವರ ಜೊತೆಯವರು, ಈ ಕಡೆ ನಾನು, ಮ್ಯಾನೇಜರು. ಹಳೆಯ ಸಾಫ್ಟ್‌ವೇರಿನ ಪೆಟ್ಟಿಗೆ ಇಟ್ಟು, ಕೇಬಲ್ಲು ಎಳೆದೂ ಎಳೆದೂ ನಿಲ್ಲಿಸಿದೆ. ಸೆನ್ಸರನ್ನು ಬಿಸಿನೀರಿನಲ್ಲಿ ಮುಳುಗಿಸಿದೆ. ಪರದೆ ನಾಲ್ಕು ಎನ್ನುತ್ತಲೇ ಇತ್ತು. ಅಧಿಕಾರಿಯ ಜೊತೆಯವರು ಎದ್ದು ಬಂದು ಬಗ್ಗಿ ನೋಡಿದರು. ಗೆದ್ದೆ ಎಂದುಕೊಂಡೆ.

ಅಧಿಕಾರಿ ಬಿಸಿನೀರನ್ನೂ ನೋಡಲಿಲ್ಲ, ಪರದೆಯನ್ನೂ ನೋಡಲಿಲ್ಲ. ನನ್ನ ಕೈಯಲ್ಲಿದ್ದ ನೀಲಿ ವೈರನ್ನು ನೋಡಿ ಕೇಳಿದರು. "ಇದನ್ನು ಕೀಳದೇ ಇದ್ದರೆ ನಿಲ್ಲುತ್ತಾ?"

"ಹೀಗೆ ನಿಲ್ಲಲ್ಲ ಸಾರ್. ಆದರೆ ಕಿತ್ತರೂ ನಿಲ್ಲಬಾರದು. ಕೇಬಲ್ಲು ಕೀಳೋದು ತಪ್ಪಲ್ಲ. ಇದು ಡ್ರೈವರಿನ..."

"ಹಾಗಾದರೆ ಮೂರು ಸಲವೂ ಯಾರೋ ಕಿತ್ತಿದ್ದಾರೆ."

ನಾನು ಆಕೆಯ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಆ ಕೋಣೆಯ ಕೀಲಿಕೈ ಇರುವುದು ಒಬ್ಬಳ ಹತ್ತಿರ.

"ಮುಟ್ಟಿಲ್ಲ ಅಂತ ನನ್ನ ಮುಖಕ್ಕೇ ಸುಳ್ಳು ಹೇಳಿದಳು" ಎಂದರು ಅಧಿಕಾರಿ ಪಕ್ಕದವರ ಕಡೆ ತಿರುಗಿ.

"ಗುಡುಗು ಬಂದಾಗ ಎಲ್ಲರೂ ಕೀಳುತ್ತಾರೆ ಸಾರ್, ಕೀಳದಿದ್ದರೆ ಪೆಟ್ಟಿಗೆ ಸುಡುತ್ತದೆ, ಮೊದಲಿನದು ಸುಟ್ಟಿತ್ತಲ್ಲ" ಎಂದೆ. ನನ್ನ ದನಿ ಏರಿತ್ತು. "ಪರದೆ ನಾಲ್ಕರಲ್ಲೇ ನಿಂತಿದೆ ಅಂತ ಆಕೆ ನಿಮ್ಮ ಆಫೀಸಿಗೇ ಫೋನ್ ಮಾಡಿದ್ದಳು. ನಾಲ್ಕಿದ್ದರೆ ಒಳ್ಳೆಯದು ಅಂದವರು ಯಾರು, ವಿಚಾರಿಸಿ."

ಅಧಿಕಾರಿಯ ಪಕ್ಕದಲ್ಲಿದ್ದವರು ತಲೆ ತಗ್ಗಿಸಿ ಮೇಜು ನೋಡಿದರು. ನಮ್ಮ ಮ್ಯಾನೇಜರು ಮುಂದೆ ಬಗ್ಗಿ, ಮೆತ್ತಗೆ, "ಕೇಬಲ್ಲು ಕಿತ್ತರೂ ನಿಲ್ಲದ ಹಾಗೆ ಹೊಸ ಸೌಲಭ್ಯ ಸೇರಿಸಿದ್ದೇವೆ ಸಾರ್, ಎಲ್ಲಾ ಕೇಂದ್ರಕ್ಕೂ ಹಾಕಿಕೊಡುತ್ತೇವೆ" ಎಂದರು. ಸೌಲಭ್ಯ! ಅಧಿಕಾರಿ ಕೈ ಕುಲುಕಿದರು. ಅವರಿಗೆ ಒಂದು ಕುತ್ತಿಗೆ ಬೇಕಾಗಿತ್ತು, ನಮ್ಮವರಿಗೆ ತಮ್ಮ ಕುತ್ತಿಗೆ ಉಳಿಯಬೇಕಾಗಿತ್ತು. ಎರಡಕ್ಕೂ ಸಾಲುವಷ್ಟು ಸಾಕ್ಷಿಯನ್ನು ನಾನೇ ವೈರು ಎಳೆದು ಒದಗಿಸಿದ್ದೆ. ಹೊರಗೆ ಬಂದ ಮೇಲೆ ಮ್ಯಾನೇಜರು ನನಗೆ ಕಬ್ಬಿನ ಹಾಲು ಕೊಡಿಸಲು ಹೋದರು. ಬೇಡ ಎಂದು ಬಸ್ ಸ್ಟ್ಯಾಂಡಿಗೆ ನಡೆದೆ.

ಆ ಕೇಂದ್ರದ ಪೆಟ್ಟಿಗೆಗೆ ಹೊಸ ಸಾಫ್ಟ್‌ವೇರು ಹಾಕಲು ಯಾರನ್ನಾದರೂ ಕಳಿಸಬಹುದಿತ್ತು. ನಾನೇ ಹೋದೆ. ಮೇಚೇರಿಗೆ ಇಳಿಯುವಾಗಲೇ ಮೋಡ ಕಟ್ಟಿತ್ತು. ಕೇಂದ್ರದಲ್ಲಿ ಅಕ್ಕನ ಜಾಗದಲ್ಲಿ ಹೊಸಬನೊಬ್ಬ ಕೂತಿದ್ದ. ಪೆಟ್ಟಿಗೆಯ ಪಕ್ಕದ ಗೋಡೆಗೆ ವೈರು ಮುಟ್ಟಬಾರದೆಂದು ತಮಿಳಿನಲ್ಲಿ ದೊಡ್ಡದಾಗಿ ಬರೆದಿದ್ದರು. ಸಾಫ್ಟ್‌ವೇರು ಹಾಕಿ, ಸಂದೇಶ ಸುರಿಸಿ, ನಾನೇ ವೈರು ಕಿತ್ತು ಕಿತ್ತು ಹಾಕಿದೆ. ಪೆಟ್ಟಿಗೆ ನಿಲ್ಲಲಿಲ್ಲ. ಅಷ್ಟರಲ್ಲಿ ಸಂಜೆಯ ಹಾಲು ಹಾಕುವವರು ಸಾಲು ನಿಂತರು. ಸಾಲಿನಲ್ಲಿ, ಕೈಯಲ್ಲಿ ಸಣ್ಣ ಕ್ಯಾನು ಹಿಡಿದು, ಅಕ್ಕನೂ ಇದ್ದಳು. ಮನೆಯ ಹಸುವಿನ ಹಾಲು ತಂದಿದ್ದಳು.

"ಅಕ್ಕಾ, ನಾನು ನಿಮ್ಮ ಹೆಸರು ಹೇಳಲಿಲ್ಲ. ತಪ್ಪು ಪೆಟ್ಟಿಗೆಯದು ಅಂತ ಅವರ ಮುಂದೇನೇ ತೋರಿಸ್ದೆ. ನೋಡಿ, ಈಗ ವೈರ್ ಕಿತ್ತರೂ ಏನೂ ಆಗಲ್ಲ" ಎಂದು ಮತ್ತೊಂದು ಸಲ ನೀಲಿ ವೈರನ್ನು ಎಳೆದು ತೋರಿಸಿದೆ.

ಆಕೆ ವೈರನ್ನು ನೋಡಲಿಲ್ಲ. ಕ್ಯಾನನ್ನು ಹೊಸಬನ ಕೈಗೆ ಕೊಟ್ಟು, ಹಾಲು ಅಳೆಯುವ ತನಕ ನಿಂತು, ಖಾಲಿ ಕ್ಯಾನು ವಾಪಸು ತೆಗೆದುಕೊಂಡಳು. ಪರದೆಯ ಅಂಕಿ ನಾಲ್ಕರಿಂದ ಐದಕ್ಕೆ ಏರಿತು, ಕಂಪ್ರೆಸರು ಸದ್ದು ಮಾಡುತ್ತಾ ಶುರುವಾಯಿತು. ಆಕೆ ಆ ಸದ್ದನ್ನು ಸ್ವಲ್ಪ ಹೊತ್ತು ಕೇಳಿದಳು. ದೂರದಲ್ಲಿ ಗುಡುಗಿತು. ಹೊಸಬ ವೈರಿನ ಕಡೆ ನೋಡಿ, ಗೋಡೆಯ ಬರಹ ನೋಡಿ, ವೈರನ್ನು ಹಾಗೇ ಬಿಟ್ಟ.

"ಅಕ್ಕಾ, ಒಂದು ಮಾತಾದರೂ ಆಡಿ" ಎಂದೆ.

"ಮಿಷಿನ್ ಇಪ್ಪ ನಲ್ಲಾ ಓಡುದುಂಗ ಮೇಡಮ್" ಎಂದಳು. ಮಿಷಿನು ಈಗ ಚೆನ್ನಾಗಿ ಓಡುತ್ತಿದೆ ಎಂದು, ಮತ್ತೆ ತಮಿಳಿನಲ್ಲೇ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆಗಷ್ಟೇ ಶುರುವಾದ ಹನಿಯಲ್ಲೇ ನಡೆದುಹೋದಳು.